ಸೀರ್ಶಾ ಎಂಬ ಹೆಸರಿನ ಸುತ್ತ

‘ಬ್ರೂಕ್ಲಿನ್’, ‘ಲೇಡಿ ಬರ್ಡ್’ ಚಿತ್ರಗಳ ನಾಯಕಿ, ಐರಿಷ್ ನಟಿ ರೋನನ್ ಅವರ ಮೊದಲ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಕಂಡಾಗ ಬಹಳ ಮಂದಿ ಸಾಯೋರ್ಸೆ ಎಂದೋ ಸವೊಯ್ರ್ಸ್ ಎಂದೋ ಓದಿಬಿಡುತ್ತಾರೆ. ಹಾಗೆ ಓದಿದ್ದರಲ್ಲಿ ತಪ್ಪೇನೂ ಇಲ್ಲ. ಸರಿಯಾದ ಉಚ್ಚಾರಣೆ ತಿಳಿದ ಮೇಲೆ ಹೊರಡುವ ಮಾತು ಮಾತ್ರ ತಪ್ಪು: ‘ಐರಿಷರಿಗೆ ಕಾಗುಣಿತದ ಲೆಕ್ಕವೇ ಇಲ್ಲ, ಬರೆಯುವುದೊಂದು, ಓದುವುದೊಂದು.’

ನಿಜ ಹೇಳಬೇಕೆಂದರೆ, ಐರಿಷ್ ಕಾಗುಣಿತ ಇಂಗ್ಲಿಷಿಗಿಂತ ಹೆಚ್ಚು ಕಟ್ಟುನಿಟ್ಟಿನದು. ಆ ಭಾಷೆಯ ವ್ಯಂಜನಗಳಿಗೆ ಸಾಮಾನ್ಯವಾಗಿ ಎರಡೆರಡು ಉಚ್ಚಾರಣೆ. ಪಕ್ಕದಲ್ಲಿ ಎ, ಒ, ಯು ಇದ್ದರೆ ಒಂದು ಬಗೆ. ಇ, ಐ ಇದ್ದರೆ ಇನ್ನೊಂದು ಬಗೆ. ಈ ಹೆಸರಿನ ಅಕ್ಷರಗಳು ಎಸ್, ಎ, ಒ, ಐ, ಆರ್, ಎಸ್, ಇ. ಮೊದಲ ಎಸ್ ಪಕ್ಕ ಎ ಇರುವುದರಿಂದ ಅದು ‘ಸ’. ನಡುವಿನ ಮೂರು ಸ್ವರಗಳೂ ಸೇರಿ ‘ಈ’. ಎರಡನೆಯ ಎಸ್ ಇ ಪಕ್ಕದಲ್ಲಿರುವುದರಿಂದ ‘ಶ’. ಕೊನೆಯ ಇ ಮೊಟಕಾದ ‘ಅ’ಕಾರ. ಕೂಡಿಸಿದರೆ ಸೀರ್ಶ. ಶಾನ್ ಕಾನರಿಯ ಹೆಸರು ಎಸ್‌ನಿಂದ ಶುರುವಾಗಿಯೂ ‘ಶ’ ಆಗಿರುವುದು, ಗಾಯಕಿ ಶಿನೇಡ್ ಓಕಾನರ್ ‘ಸಿನೇಡ್’ ಆಗದಿರುವುದು ಇದೇ ನಿಯಮದಿಂದ. ಐರಿಷರು ರೋಮನ್ ಲಿಪಿಯನ್ನು ತಮ್ಮ ನುಡಿಗೆ ಒಗ್ಗಿಸಿಕೊಂಡು ಸಾವಿರ ವರ್ಷದ ಮೇಲಾಯಿತು. ಆ ಅಕ್ಷರಗಳನ್ನು ಇಂಗ್ಲಿಷಿನ ಅಳತೆಗೋಲಿನಿಂದ ಅಳೆದು ಅಡ್ಡಾದಿಡ್ಡಿ ಎನ್ನುವುದು ಅನ್ಯಾಯ. ಬರೆದಂತೆಯೇ ಓದುತ್ತೇವೆ ಎನ್ನುವ ನಾವೂ ‘ಚಿಹ್ನೆ’ ಎಂದು ಬರೆದು ಚಿನ್ಹೆ ಅನ್ನುತ್ತೇವೆ, ‘ಜ್ಞಾನ’ ಎಂದು ಬರೆದು ಗ್ನಾನ ಅನ್ನುತ್ತೇವೆ.

ಹಾಗಾದರೆ ಸೀರ್ಶಾ ಒಂದೇ ಸರಿಯೇ? ಅದೂ ಅಲ್ಲ. ಐರ್ಲೆಂಡಿನ ದಕ್ಷಿಣದ ಮನ್ಸ್ಟರ್ ಸೀಮೆಯ ಐರಿಷಿನಲ್ಲಿ ನಡುವಿನ ಸ್ವರ ‘ಏ’ ಆಗಿ, ಹೆಸರು ಸೇರ್ಶಾ ಎಂದು ಕೇಳಿಸುತ್ತದೆ. ಇನ್ನು ರೋನನ್ ತಮ್ಮ ಹೆಸರನ್ನು ಹೇಳಿಕೊಳ್ಳುವುದೇ ಸರ್ಶಾ ಎಂದು, ಇಂಗ್ಲಿಷಿನ ‘ಇನರ್ಶಿಯಾ’ಕ್ಕೆ ಪ್ರಾಸ ಕೂಡುವ ಹಾಗೆ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಟಿಯ ವಿಷಯ ಬಂದಾಗ ಸರ್ಶಾ ಎನ್ನುವುದೇ ಮರ್ಯಾದೆ. ಬೇರೆ ಹುಡುಗಿಯಾದರೆ ಅವಳ ಮನೆಯವರು ಹೇಗೆ ಕರೆಯುತ್ತಾರೋ ಹಾಗೆ.

ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಇದನ್ನು ‘ಪ್ರಾಚೀನ ಕೆಲ್ಟಿಕ್ ಹೆಸರು’ ಎಂದು ಬಣ್ಣಿಸುವುದುಂಟು. ಪದ ಹಳೆಯದು, ಹೆಸರು ಹೊಸದು. ಸೀರ್ಶಾ ಎಂದರೆ ಸ್ವಾತಂತ್ರ್ಯ. 1916ರ ಈಸ್ಟರ್ ದಂಗೆ, 1919ರಿಂದ 1921ರವರೆಗಿನ ಸ್ವಾತಂತ್ರ್ಯ ಸಮರ, 1922ರಲ್ಲಿ ಹುಟ್ಟಿದ ಐರಿಷ್ ಸ್ವತಂತ್ರ ರಾಜ್ಯ, ಇವುಗಳ ಕಾವಿನಲ್ಲಿ ಇದು ಹೆಣ್ಣುಮಕ್ಕಳ ಹೆಸರಾಯಿತು. ಅದಕ್ಕೂ ಹಿಂದೆ ಈ ಹೆಸರಿನ ಸಂತಳೂ ಇಲ್ಲ, ದೇವತೆಯೂ ಇಲ್ಲ. ನನ್ನ ಮಟ್ಟಿಗೆ ಇದರಿಂದ ಹೆಸರಿನ ತೂಕ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಒಂದು ಜನಾಂಗ ಹೋರಾಡಿ ಪಡೆದದ್ದನ್ನು ತೊಟ್ಟಿಲಿಗೆ ತಂದು ಕೂಗಿದ ಹೆಸರಿದು. ಇಲ್ಲದ ಪುರಾಣವೊಂದನ್ನು ಇದಕ್ಕೆ ಅಂಟಿಸುವ ಅಗತ್ಯವಿಲ್ಲ.

‘ತೀರಾ ಅಪರೂಪದ ಹೆಸರು’ ಎಂಬುದು ಎಲ್ಲಿ ನಿಂತು ಹೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಅಪರೂಪ, ನಿಜ. ಐರ್ಲೆಂಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಮೊದಲ ನೂರು ಹೆಸರುಗಳಲ್ಲಿ ಇದೂ ಇದೆ. ಹಾಗೆಂದು ಅಲ್ಲಿ ಬೀದಿಗೊಬ್ಬಳು ಸೀರ್ಶಾ ಇರುತ್ತಾಳೆ ಎಂದುಕೊಳ್ಳಬೇಡಿ. ಆ ದೇಶದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳೇ ಸುಮಾರು 55ರಿಂದ 60 ಸಾವಿರ, ಅದರಲ್ಲಿ ಅರ್ಧ ಗಂಡು. ಪಟ್ಟಿಯಲ್ಲಿ ಮೇಲಿರುವ ಹೆಸರುಗಳಿಗೂ ಸಿಗುವುದು ಕೆಲವೇ ನೂರು ಮಕ್ಕಳು. ಇದೆಲ್ಲ ಸಿನಿಮಾದ ಪ್ರಭಾವ ಎನ್ನುವುದೂ ಅರ್ಧ ಸತ್ಯ. ರೋನನ್ ನಟಿಸಿದ ‘ಅಟೋನ್ಮೆಂಟ್’ ಬಂದದ್ದು 2007ರಲ್ಲಿ. ಹೊರದೇಶಗಳಿಗೆ ಹೆಸರನ್ನು ಪರಿಚಯಿಸಿದ್ದು ರೋನನ್ ಎಂಬುದು ಸರಿ. ಆದರೆ ಐರಿಷ್ ತಂದೆ ತಾಯಿ ಅದಕ್ಕೂ ಹಿಂದಿನಿಂದ ಮಕ್ಕಳಿಗೆ ಇದನ್ನು ಇಡುತ್ತಲೇ ಇದ್ದರು. 1994ರಲ್ಲಿ ರೋನನ್ ಅವರಿಗೆ ಹೆಸರಿಟ್ಟವರೂ ಅವರ ಪೈಕಿಯೇ.

ಡಬ್ಲಿನ್ನಿನಲ್ಲಿ ನೆಲೆಸಿದ ಕನ್ನಡದವರು ಮಗುವಿಗೆ ಈ ಹೆಸರಿಟ್ಟರೆ, ಊರಿನ ಅಜ್ಜಿಗೆ ಬರೆದು ಕಳಿಸುವುದು ಕಷ್ಟವಲ್ಲ. ‘ಷ’ ಬೇಡ, ‘ಶ’ ಇರಲಿ. ಕೊನೆಯ ದೀರ್ಘ ನಮ್ಮ ಹೆಣ್ಣುಹೆಸರುಗಳ ರೂಢಿ, ಬಿಟ್ಟರೂ ನಡೆಯುತ್ತದೆ. ಅಜ್ಜಿ ಮೊದಲ ಸಲವೇ ಸರಿಯಾಗಿ ಕೂಗುತ್ತಾರೆ.