ಆದಿಕ್ರೈಸ್ತ ಪರಂಪರೆಯ ಮರುಳ ಸಂತರು

ಮನೆ, ಧನ, ಅನ್ನ, ನಿದ್ರೆಗಳನ್ನು ತೊರೆದ ವಿರಕ್ತನಲ್ಲಿಯೂ ಒಂದು ಆಸ್ತಿ ಉಳಿದೇ ಇರುತ್ತದೆ. ಅದು ಅವನ ವಿರಕ್ತಿಯಿಂದಲೇ ಹುಟ್ಟಿದ ಕೀರ್ತಿ. ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟ್, ಸಿರಿಯಾಗಳ ಮರಳುಗಾಡನ್ನು ಹೊಕ್ಕ ಕ್ರೈಸ್ತ ತಪಸ್ವಿಗಳನ್ನು ಇದು ಬಹುವಾಗಿ ಕಾಡಿತು. ಊರನ್ನು ಬಿಟ್ಟು ಹೋದವರನ್ನು ಹುಡುಕಿಕೊಂಡು ಊರೇ ಬರತೊಡಗಿತು. ಈ ಕೀರ್ತಿಯನ್ನೂ ಕಳೆದುಕೊಳ್ಳಲು ಕೆಲವರು ಹಿಡಿದ ದಾರಿ ಮರುಳರ ವೇಷ. ಗ್ರೀಕರು ಇಂಥವನನ್ನು 'ಸಾಲೋಸ್' ಎಂದು ಕರೆದರು. ಕ್ರಿಸ್ತನ ನಿಮಿತ್ತ ಹುಚ್ಚರಾಗುವ ಮಾತನ್ನು ಸಂತ ಪೌಲನು ಕೊರಿಂಥದವರಿಗೆ ವ್ಯಂಗ್ಯವಾಗಿ ಬರೆದಿದ್ದನು; ಇವರು ಅದನ್ನು ಅಕ್ಷರಶಃ ಆಚರಿಸಿದರು.

ಇವರಲ್ಲಿ ಪ್ರಸಿದ್ಧನಾದವನು ಆರನೆಯ ಶತಮಾನದ ಸಿಮೆಯೋನ. ಅವನ ಚರಿತ್ರೆಯನ್ನು ಏಳನೆಯ ಶತಮಾನದಲ್ಲಿ ಸೈಪ್ರಸ್ ದ್ವೀಪದ ಬಿಷಪ್ ಲಿಯೊಂಟಿಯಸನು ಬರೆದನು. ಮೃತಸಮುದ್ರದ ಬಳಿಯ ಕಾಡಿನಲ್ಲಿ ಗೆಳೆಯ ಯೋಹಾನನೊಡನೆ 29 ವರ್ಷ ತಪಸ್ಸು ಮಾಡಿದ ಮೇಲೆ ಸಿಮೆಯೋನನು ಊರಿಗೆ ಮರಳಲು ನಿಶ್ಚಯಿಸಿದನು. ಇದು ಸೈತಾನನ ಮೋಸವಿರಬಹುದೆಂದು ಗೆಳೆಯನು ಅಂಜಿ ತಡೆದನು. ಆದರೂ ಅವನು ನಿಲ್ಲಲಿಲ್ಲ. ಸಿರಿಯಾದ ಎಮೆಸಾ ನಗರದ (ಇಂದಿನ ಹೋಮ್ಸ್) ಹೊರಗೆ ತಿಪ್ಪೆಯ ಮೇಲೆ ಬಿದ್ದಿದ್ದ ಸತ್ತ ನಾಯಿಯೊಂದನ್ನು ಸೊಂಟದ ಹಗ್ಗಕ್ಕೆ ಕಟ್ಟಿ ಎಳೆಯುತ್ತ ಹೆಬ್ಬಾಗಿಲನ್ನು ಹೊಕ್ಕನು. ಹುಡುಗರು ಹಿಂದೆ ಓಡಿ ಹೊಡೆದರು. ಮರುದಿನ ಭಾನುವಾರ, ಇಗರ್ಜಿಗೆ ನುಗ್ಗಿ ದೀಪಗಳನ್ನು ಆರಿಸಿದನು, ಹೆಂಗಸರ ಮೇಲೆ ಕಾಯಿಗಳನ್ನೆಸೆದನು, ಅಟ್ಟಿದಾಗ ಹೊರಗಿನ ತಿಂಡಿ ಮಾರುವವರ ಮೇಜುಗಳನ್ನು ಉರುಳಿಸಿ ಸಾಯುವಂತೆ ಏಟು ತಿಂದನು. ಕಾಳು ಮಾರುವವನೊಬ್ಬನು ಕೆಲಸಕ್ಕಿಟ್ಟುಕೊಂಡರೆ ಸರಕನ್ನೆಲ್ಲ ಜನರಿಗೆ ಹಂಚಿ, ಉಳಿದುದನ್ನು ತಾನೇ ತಿಂದನು. ಜನರೆದುರಿಗೆ ಹೊಟ್ಟೆಬಾಕ, ಮರೆಯಲ್ಲಿ ದಿನಗಟ್ಟಲೆ ಉಪವಾಸಿ. ಈ ಗುಟ್ಟನ್ನು ಬಲ್ಲವನು ಊರಿನಲ್ಲಿ ಒಬ್ಬನೇ, ಯೋಹಾನನೆಂಬ ಇನ್ನೊಬ್ಬ, ಇಗರ್ಜಿಯ ಡೀಕನ್.

ಬಳ್ಳಿಗಾವೆಯ ಶಾಸನಗಳಿಂದ ಲಾಕುಳ ಸಂಪ್ರದಾಯವನ್ನು ಬಲ್ಲ ಓದುಗರಿಗೆ ಇಲ್ಲಿ ಪಾಶುಪತ ಸೂತ್ರಗಳು ನೆನಪಾಗದಿರವು. ಅಲ್ಲಿಯೂ ಸಾಧಕನು ಮರುಳನಂತೆ ನಟಿಸಿ ಅವಮಾನವನ್ನು ಬೇಡಿ ಪಡೆಯಬೇಕು. ಅಮೆರಿಕದ ವಿದ್ವಾಂಸ ಇಂಗಾಲ್ಸರು 1962ರಲ್ಲಿ ಈ ವ್ರತವನ್ನು ಗ್ರೀಸಿನ ಸಿನಿಕರ ನಡತೆಯೊಡನೆ ಹೋಲಿಸಿ ಬರೆದರು. ಆದರೆ ಪಾಶುಪತನ ಲೆಕ್ಕವೇ ಬೇರೆ: ಬೈದವನ ಪುಣ್ಯ ಇವನಿಗೆ, ಇವನ ಪಾಪ ಬೈದವನಿಗೆ. ಸಿಮೆಯೋನನಲ್ಲಿ ಈ ವಿನಿಮಯವಿಲ್ಲ. ತನ್ನನ್ನು ಹೊಡೆದ ಊರನ್ನೇ ಉದ್ಧರಿಸುವುದು ಅವನ ಉದ್ದೇಶವೆಂದು ಲಿಯೊಂಟಿಯಸನು ಸಾರುತ್ತಾನೆ.

ಆದರೂ ಒಂದು ತೊಡಕು ಉಳಿಯಿತು. ನಿಜವಾದ ಸಂತ, ನಿಜವಾದ ಹುಚ್ಚ, ಹೊಟ್ಟೆಪಾಡಿಗಾಗಿ ನಟಿಸುವ ಕಪಟಿ ಈ ಮೂವರನ್ನೂ ಬೀದಿಯಲ್ಲಿ ನಿಂತವನು ಬೇರ್ಪಡಿಸುವುದೆಂತು? 691-92ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ನೆರೆದ ಧರ್ಮಸಭೆಯು ದೆವ್ವ ಹಿಡಿದಂತೆ ನಟಿಸುವವರನ್ನು ದೆವ್ವ ಹಿಡಿದವರಂತೆಯೇ ಕಠಿಣ ನಿಗ್ರಹಕ್ಕೆ ಗುರಿಮಾಡಬೇಕೆಂದು ವಿಧಿಸಿತು. ಮುಂದೆ ರಷ್ಯದಲ್ಲಿ ಈ ಪಂಥಕ್ಕೆ ದೊರೆತ ಮನ್ನಣೆಯನ್ನು ನೋಡಿದರೆ, ಆ ವಿಧಿ ಹೆಚ್ಚು ಫಲಿಸಿದಂತೆ ಕಾಣದು.

ಈ ಕಥೆಗಳಲ್ಲೆಲ್ಲ ನನಗೆ ಹಿರಿದಾಗಿ ತೋರುವುದು ಸಿಮೆಯೋನನದಲ್ಲ, ಅವನಿಗಿಂತ ಹಳೆಯದಾದ, ಹೆಸರೇ ಇಲ್ಲದ ಒಬ್ಬ ಹೆಣ್ಣಿನದು. ಸುಮಾರು 420ರಲ್ಲಿ ಪಲ್ಲಾಡಿಯಸನು ಅದನ್ನು ಬರೆದಿಟ್ಟನು. ಈಜಿಪ್ಟಿನ ತಬೆನ್ನಿಸಿಯ ಸುಮಾರು 400 ಸಂನ್ಯಾಸಿನಿಯರ ಮಠದಲ್ಲಿ ಒಬ್ಬಳು ಮರುಳಿಯಂತೆ ನಡೆದುಕೊಂಡು ಅಡಿಗೆಮನೆಯ ಚಾಕರಿ ಮಾಡಿಕೊಂಡಿದ್ದಳು. ತಲೆಗೆ ಹರಕು ಬಟ್ಟೆ; ಆಹಾರವೆಂದರೆ ಮೇಜಿನಿಂದ ಒರೆಸಿದ ಚೂರು, ಪಾತ್ರೆ ತೊಳೆದ ಮುಸುರೆ. ಉಳಿದವರು ಹೊಡೆದರು, ಬೈದರು, ಜೊತೆಯಲ್ಲಿ ಉಣ್ಣಲೊಲ್ಲದೆ ಹೋದರು. ಅವಳು ಎದುರಾಡಲಿಲ್ಲ. ಅತ್ತ ಪಿಟೆರೂಮನೆಂಬ ತಪಸ್ವಿಗೆ ದೇವದೂತನು ಬಂದು ಹೇಳಿದನಂತೆ: ಆಕೆ ನಿನಗಿಂತ ಮೇಲು, ನೂರಾರು ಜನರ ತಿರಸ್ಕಾರದ ನಡುವೆಯೂ ಅವಳ ಮನಸ್ಸು ದೇವರಿಂದ ಕದಲದು, ನೀನಾದರೋ ಕುಳಿತಲ್ಲಿಯೇ ಊರೂರು ಅಲೆಯುತ್ತೀಯೆ. ಅವನು ಮಠಕ್ಕೆ ಬಂದು ಎಲ್ಲರನ್ನೂ ಕರೆಸಿದನು. ಅವಳೊಬ್ಬಳು ಬರಲಿಲ್ಲ. ಬಲವಂತದಿಂದ ಎಳೆತಂದಾಗ ಮುದುಕನು ಅವಳ ಕಾಲಿಗೆರಗಿ 'ತಾಯಿ, ಹರಸು' ಎಂದನು. ಕೂಡಲೇ ಸೋದರಿಯರು ತಮ್ಮ ತಪ್ಪುಗಳನ್ನು ಒಪ್ಪಿಕೊಳ್ಳತೊಡಗಿದರು: ಒಬ್ಬಳು ಅವಳ ಮೇಲೆ ಮುಸುರೆ ಸುರಿದಿದ್ದಳು, ಇನ್ನೊಬ್ಬಳು ಗುದ್ದಿದ್ದಳು.

ಅಂದಿನಿಂದ ಅವಳಿಗೆ ಮಠದಲ್ಲಿ ಗೌರವ. ಕೆಲವೇ ದಿನಗಳಲ್ಲಿ ಅದನ್ನು ತಾಳಲಾರದೆ ಅವಳು ಹೊರಟುಹೋದಳು. ಎಲ್ಲಿಗೆ ಹೋದಳು, ಹೇಗೆ ಸತ್ತಳು ಎಂಬುದು ಯಾರಿಗೂ ತಿಳಿಯಲಿಲ್ಲವೆಂದು ಪಲ್ಲಾಡಿಯಸನು ಬರೆದಿದ್ದಾನೆ.