ಮಿದುಳಿಗೆ ಗರಡಿಮನೆ ಉಂಟೇ?

‘ಅರವತ್ತು ದಾಟಿತು. ಹೆಸರುಗಳು ನಾಲಗೆ ತುದಿಗೆ ಬಂದು ಅಲ್ಲೇ ಕೂತುಬಿಡುತ್ತವೆ. ದಿನಾ ಪದಬಂಧ ಬಿಡಿಸಲೇ, ಸುಡೊಕು ಆಡಲೇ, ಒಂದೆಲಗದ ತಂಬುಳಿ ಮಾಡಿಸಿಕೊಂಡು ಕುಡಿಯಲೇ?’ ವಿಜ್ಞಾನದ ಅಂಕಣಗಳಿಗೆ ಬರುವ ಪ್ರಶ್ನೆಗಳಲ್ಲಿ ಇದು ಎಂದೂ ಹಳತಾಗುವುದಿಲ್ಲ. ತಂಬುಳಿಯ ಬಗ್ಗೆ ತಕರಾರಿಲ್ಲ, ಬೇಸಿಗೆಯಲ್ಲಿ ಹೊಟ್ಟೆಗೆ ತಂಪು. ಆದರೆ ಪ್ರಶ್ನೆಯ ಒಳಗೇ ಒಂದು ತಪ್ಪು ಕಲ್ಪನೆ ಅಡಗಿದೆ. ಮಿದುಳು ರಟ್ಟೆಯಂತೆ, ಗರಡಿಯಲ್ಲಿ ಯಾವುದಾದರೊಂದು ಗದೆ ತಿರುಗಿಸಿದರೆ ಸಾಕು, ಆ ಬಲ ಬಾವಿಯ ನೀರು ಸೇದಲಿಕ್ಕೂ ಮೂಟೆ ಹೊರಲಿಕ್ಕೂ ಒದಗುತ್ತದೆ ಎಂಬ ನಂಬಿಕೆ ಅದು. ಅದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಬಹುಕಾಲ ರಾಜ್ಯವಾಳಿತು. ಪ್ರಾಯ ಬಂದ ಮೇಲೆ ಮಿದುಳಿನ ನರಮಾರ್ಗಗಳು ಗಟ್ಟಿಯಾಗಿ ಹೋಗುತ್ತವೆ, ಆಮೇಲೆ ಸವೆತವೊಂದೇ ಬಾಕಿ ಎಂಬುದು. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ನರವಿಜ್ಞಾನಿ ರಾಮೊನ್ ಇ ಕಹಾಲ್ ಅಂಥವರೇ ಹಾಗೆ ಬರೆದಿದ್ದರು. ಎರಡೂ ತಪ್ಪು. ಮಿದುಳು ಯಾವ ವಯಸ್ಸಿನಲ್ಲೂ ಬದಲಾಗುತ್ತದೆ. ಆದರೆ ಕೆಲಸದ ಹೊರೆ ಎಲ್ಲಿ ಬಿತ್ತೋ ಬಹುಮಟ್ಟಿಗೆ ಅಲ್ಲಿಯೇ ಬದಲಾಗುತ್ತದೆ, ಅದೂ ಪುಕ್ಕಟೆಯಾಗಿ ಅಲ್ಲ. ಇದಕ್ಕೆ ಅತ್ಯುತ್ತಮ ಸಾಕ್ಷಿ ಲಂಡನ್ನಿನ ಕಪ್ಪು ಟ್ಯಾಕ್ಸಿಯ ಚಾಲಕರ ತಲೆಯೊಳಗಿದೆ.

ಆ ಟ್ಯಾಕ್ಸಿ ಓಡಿಸುವ ಪರವಾನಗಿ ಬೇಕಾದರೆ ‘ದಿ ನಾಲೆಡ್ಜ್’ ಎಂಬ ಪರೀಕ್ಷೆ ಗೆಲ್ಲಬೇಕು. 1865ರಿಂದ ನಡೆದುಬಂದದ್ದು. ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳು, ಅವುಗಳ ಮೇಲಿನ ಸಾವಿರಾರು ಆಸ್ಪತ್ರೆ, ಹೋಟೆಲು, ನಾಟಕಶಾಲೆ, ಚರ್ಚುಗಳು ಬಾಯಿಪಾಠವಾಗಬೇಕು. ಅಭ್ಯರ್ಥಿಗಳ ಕೈಪಿಡಿಯಲ್ಲಿ 320 ಮಾರ್ಗಗಳಿವೆ. ಮೊದಲನೆಯದು ಮ್ಯಾನರ್ ಹೌಸ್ ಸ್ಟೇಷನ್ನಿನಿಂದ ಗಿಬ್ಸನ್ ಸ್ಕ್ವೇರ್‌ಗೆ. ಅಭ್ಯರ್ಥಿ ಮೊಪೆಡ್ಡಿನ ಹ್ಯಾಂಡಲ್ಲಿಗೆ ನಕ್ಷೆ ಸಿಕ್ಕಿಸಿಕೊಂಡು ಮಳೆ ಚಳಿಯೆನ್ನದೆ ಆ ದಾರಿಯಲ್ಲಿ ಓಡಾಡುತ್ತಾನೆ. ಸಂಜೆ ಜೊತೆಗಾರನ ಎದುರು ಕೂತು ಗ್ರೀನ್ ಲೇನ್ಸ್, ಬ್ಲ್ಯಾಕ್‌ಸ್ಟಾಕ್ ರೋಡ್, ಹೈಬರಿ, ಅಪ್ಪರ್ ಸ್ಟ್ರೀಟ್ ಎಂದು ತಿರುವು ತಿರುವನ್ನೂ ಒಪ್ಪಿಸುತ್ತಾನೆ. ನಮ್ಮ ಹಳೆಯ ಕೂಲಿಮಠದ ಮಗ್ಗಿಯ ಹಾಗೆಯೇ, ಆದರೆ ಈ ಮಗ್ಗಿಗೆ ಎಡ ಬಲ ಉಂಟು, ಏಕಮುಖ ಸಂಚಾರವೂ ಉಂಟು. ಆಮೇಲೆ ಪರೀಕ್ಷಕರ ಮುಂದೆ ಮೌಖಿಕ ಹಾಜರಿ. ಅವರು ಎರಡು ಜಾಗದ ಹೆಸರು ಹೇಳುತ್ತಾರೆ, ಇವನು ನಕ್ಷೆ ನೋಡದೆ ಇರುವುದರಲ್ಲಿ ಹತ್ತಿರದ ದಾರಿ ಹೇಳಬೇಕು. ಮೊದಮೊದಲು 56 ದಿನಕ್ಕೊಂದು ಸಲ ಕರೆ, ಪಳಗಿದಂತೆ 28 ದಿನಕ್ಕೆ, ಕೊನೆಗೆ 21 ದಿನಕ್ಕೆ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುವ ಈ ವ್ರತವನ್ನು ಬಹಳ ಮಂದಿ ನಡುವೆಯೇ ಕೈಬಿಡುತ್ತಾರೆ. ಇವರು ಶಾಲೆಯ ಹುಡುಗರಲ್ಲ, ಸಂಸಾರ ಹೊತ್ತ ವಯಸ್ಕರು ಎಂಬುದನ್ನು ನೆನಪಿಡಬೇಕು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಲಿನರ್ ಮಗ್ವಾಯರ್ 2000ದಲ್ಲಿ ಇಂಥ 16 ಚಾಲಕರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ಚಿತ್ರಿಸಿ, ಟ್ಯಾಕ್ಸಿ ಓಡಿಸದ 50 ಜನರ ಮಿದುಳಿನೊಂದಿಗೆ ಹೋಲಿಸಿದರು. ಹಿಪ್ಪೊಕ್ಯಾಂಪಸ್ ಎಂಬ, ಕಡಲಕುದುರೆಯ ಆಕಾರದ ಒಂದು ಭಾಗ ಮಿದುಳಿನ ಎರಡೂ ಮಗ್ಗುಲಲ್ಲಿದೆ. ನೆನಪಿಗೂ ದಾರಿ ಗುರುತಿಗೂ ಅದು ಬೇಕೇ ಬೇಕು. ಚಾಲಕರಲ್ಲಿ ಅದರ ಹಿಂಬದಿ ದೊಡ್ಡದಿತ್ತು. ಕಸುಬಿನಲ್ಲಿ ಹೆಚ್ಚು ವರ್ಷ ಕಳೆದಷ್ಟೂ ಹೆಚ್ಚು ದೊಡ್ಡದು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು, ಜೊತೆಗೆ ನ್ಯಾಯವಾದ ಆಕ್ಷೇಪಗಳೂ ಬಂದವು. ದಿನವಿಡೀ ಸ್ಟಿಯರಿಂಗ್ ಹಿಡಿಯುವುದರಿಂದಲೋ ವಾಹನ ದಟ್ಟಣೆಯ ಒತ್ತಡದಿಂದಲೋ ಹೀಗಾಗಿರಬಾರದೇಕೆ? ಉತ್ತರ ಹುಡುಕಲು 2006ರಲ್ಲಿ ಮಗ್ವಾಯರ್ ಬಸ್ ಚಾಲಕರನ್ನು ಕರೆತಂದರು. ಅದೇ ಊರು, ಅದೇ ದಟ್ಟಣೆ, ಅಷ್ಟೇ ವರ್ಷಗಳ ಅನುಭವ. ವ್ಯತ್ಯಾಸ ಒಂದೇ, ಬಸ್ಸು ಹೋಗುವುದು ಗೊತ್ತಾದ ದಾರಿಯಲ್ಲಿ. ಅವರ ಹಿಪ್ಪೊಕ್ಯಾಂಪಸ್ ಹಿಗ್ಗಿರಲಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಹುಟ್ಟಿನಿಂದಲೇ ದೊಡ್ಡ ಹಿಪ್ಪೊಕ್ಯಾಂಪಸ್ ಇದ್ದವರೇ ಈ ಪರೀಕ್ಷೆ ಗೆಲ್ಲುತ್ತಾರೇನೋ? ಇದನ್ನು ಇತ್ಯರ್ಥ ಮಾಡಲು ಕಾಯುವುದೊಂದೇ ದಾರಿ. ಕ್ಯಾಥರೀನ್ ವುಲೆಟ್ ಮತ್ತು ಮಗ್ವಾಯರ್ 79 ಅಭ್ಯರ್ಥಿಗಳ ಮಿದುಳನ್ನು ತರಬೇತಿಯ ಆರಂಭದಲ್ಲೇ ಚಿತ್ರಿಸಿಟ್ಟುಕೊಂಡರು. ಆಗ ಅವರಿಗೂ ಇತರರಿಗೂ ಭೇದವಿರಲಿಲ್ಲ. ಮೂರು ನಾಲ್ಕು ವರ್ಷದ ನಂತರ 39 ಮಂದಿ ಗೆದ್ದಿದ್ದರು. ಅವರ ಹಿಪ್ಪೊಕ್ಯಾಂಪಸ್ಸಿನ ಹಿಂಬದಿ ಬೆಳೆದಿತ್ತು. ಗೆಲ್ಲದಿದ್ದರೂ ಮಿದುಳಿನ ಚಿತ್ರಣಕ್ಕೆ ಮರಳಿ ಬಂದ 20 ಜನರಲ್ಲಿ ಬೆಳೆದಿರಲಿಲ್ಲ. ಗೆದ್ದವರು ವಾರಕ್ಕೆ ಅಭ್ಯಾಸ ಮಾಡಿದ ಗಂಟೆಗಳು ಸೋತವರದ್ದಕ್ಕಿಂತ ಸುಮಾರು ಇಮ್ಮಡಿ. 2011ರಲ್ಲಿ ಪ್ರಕಟವಾದ ಈ ಅಧ್ಯಯನ ನನ್ನ ಮಟ್ಟಿಗೆ ಮಿದುಳಿನ ವಿಜ್ಞಾನದ ಅತಿ ಚೆಂದದ ಪ್ರಯೋಗಗಳಲ್ಲಿ ಒಂದು. ಬೆಳೆಯುವ ಗುಣವೇ ಕೆಲವರಲ್ಲಿ ಹುಟ್ಟಿನಿಂದ ಹೆಚ್ಚಿರಬಹುದು ಎಂಬ ಅನುಮಾನ ಮಾತ್ರ ಇಲ್ಲೂ ಪೂರ್ತಿ ಹೋಗುವುದಿಲ್ಲ.

ಇಷ್ಟನ್ನು ಎಲ್ಲರೂ ಉತ್ಸಾಹದಿಂದ ಹೇಳುತ್ತಾರೆ, ಮುಂದಿನದನ್ನು ನುಂಗಿಕೊಳ್ಳುತ್ತಾರೆ. ಚಾಲಕರ ಹಿಪ್ಪೊಕ್ಯಾಂಪಸ್ಸಿನ ಮುಂಬದಿ ಬೇರೆಯವರದ್ದಕ್ಕಿಂತ ಚಿಕ್ಕದಿತ್ತು. ಗೆರೆ, ಚೌಕ, ತ್ರಿಕೋನಗಳು ಒಂದರೊಳಗೊಂದು ಹೆಣೆದುಕೊಂಡ ತೊಡಕಿನ ಚಿತ್ರವೊಂದನ್ನು ನಕಲು ಮಾಡಿಸಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಬರೆಯಿರಿ ಎಂದರೆ ಅವರು ಬಸ್ ಚಾಲಕರಿಗಿಂತ ಹಿಂದೆ ಬಿದ್ದರು. 25,000 ಬೀದಿ ತಲೆಯಲ್ಲಿದ್ದವರಿಗೆ ಅಂಗೈಯಗಲದ ಒಂದು ಚಿತ್ರ ಉಳಿಯಲಿಲ್ಲ! ಬೀದಿಗಳ ನೆನಪು ಎಂಬ ಶಕ್ತಿ ಒಟ್ಟಾರೆ ಬುದ್ಧಿಯಾಗಿ ಹರಡಲಿಲ್ಲ, ಅಷ್ಟೇ ಅಲ್ಲ, ನೆರೆಯ ಹೊಲದ ಬದುವನ್ನೇ ಒತ್ತುವರಿ ಮಾಡಿದಂತಿತ್ತು. ಗರಡಿಯ ಹೋಲಿಕೆ ಮುರಿದುಬೀಳುವುದು ಇಲ್ಲಿ.

ಇದನ್ನು ಒಪ್ಪಿದರೆ ಮೊಬೈಲಿನಲ್ಲಿ ಮಿದುಳಿನ ಕಸರತ್ತು ಮಾರುವವರ ಮಾತು ಎಷ್ಟು ಪೊಳ್ಳೆಂದು ಊಹಿಸುವುದು ಕಷ್ಟವಲ್ಲ. ಊಹೆ ಬೇಕಾಗಿಯೂ ಇಲ್ಲ. 2010ರಲ್ಲಿ ಏಡ್ರಿಯನ್ ಓವೆನ್ ಮತ್ತು ಜೊತೆಗಾರರು 11,430 ಜನರಿಗೆ ಆರು ವಾರ ಇಂಥ ಆಟ ಆಡಿಸಿದರು. ಆಡಿದ ಆಟದಲ್ಲಿ ಎಲ್ಲರೂ ಪಳಗಿದರು. ಅದಕ್ಕೆ ಹತ್ತಿರದ ಬೇರೆ ಪರೀಕ್ಷೆಗಳಲ್ಲೂ ಆ ಪಳಗುವಿಕೆ ಕಾಣಲಿಲ್ಲ. ಆರು ವಾರ ಸಾಲದು ಎನ್ನಬಹುದು. ಅಮೆರಿಕದಲ್ಲಿ 65 ದಾಟಿದ 2,802 ಜನರ ಮೇಲೆ ನಡೆದ ದೀರ್ಘ ಪ್ರಯೋಗದಲ್ಲೂ ನೆನಪಿನ ತರಬೇತಿ ಪಡೆದವರು ನೆನಪಿನಲ್ಲಿ, ತರ್ಕದ ತರಬೇತಿ ಪಡೆದವರು ತರ್ಕದಲ್ಲಿ ಸುಧಾರಿಸಿದರು, ಬೇಲಿ ದಾಟಲಿಲ್ಲ. ಅದೇ ಪ್ರಯೋಗದಲ್ಲಿ ಕಣ್ಣಿಗೆ ಕಂಡದ್ದನ್ನು ಬೇಗ ಗ್ರಹಿಸುವ ತರಬೇತಿ ಪಡೆದವರಿಗೆ ಹತ್ತು ವರ್ಷದ ನಂತರ ಮರೆಗುಳಿ ರೋಗ ಕಡಿಮೆ ಕಂಡಿತೆಂದು 2017ರ ವಿಶ್ಲೇಷಣೆ ಹೇಳಿತು, ಅದನ್ನು ಮುಚ್ಚಿಡಬಾರದು. ಉಳಿದೆರಡು ತರಬೇತಿಗಳಿಂದ ಆ ಫಲ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ನಮ್ಮಲ್ಲಂತೂ ವ್ಯಾಪಾರ ಇನ್ನೂ ಮುಂದೆ ಹೋಗಿದೆ. ‘ಮಿಡ್‌ಬ್ರೈನ್ ಆಕ್ಟಿವೇಷನ್’ ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿ ಶುಲ್ಕ ಪಡೆದು, ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳು ಪುಸ್ತಕ ಓದುತ್ತಾರೆಂದು ತೋರಿಸುತ್ತಾರೆ. ನಡುಮಿದುಳು ಯಾರೋ ಬಂದು ಸ್ವಿಚ್ ಒತ್ತಲಿ ಎಂದು ಕಾದು ಕೂತ ಅಂಗವಲ್ಲ. ಕಣ್ಣಿನ ಚಲನೆ, ಪಾಪೆಯ ಹಿಗ್ಗು ಕುಗ್ಗು, ಎಚ್ಚರ ಇವೆಲ್ಲ ಅದರ ಪಾಲಿನ ಕೆಲಸ. ಅದು ಆರಿಹೋಗಿದ್ದರೆ ಮಗು ತರಗತಿಯಲ್ಲಲ್ಲ, ತೀವ್ರ ನಿಗಾ ಘಟಕದಲ್ಲಿ ಇರುತ್ತಿತ್ತು. ಓದುವುದು ಮೂಗಿನ ಪಕ್ಕದ ಸಂದಿಯಿಂದ ಇಣುಕಿ, ಮೂರನೆಯ ಕಣ್ಣಿನಿಂದಲ್ಲ ಎಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ವರ್ಷಗಳಿಂದ ಬಹಿರಂಗವಾಗಿ ಸವಾಲು ಹಾಕುತ್ತ ಬಂದಿದ್ದಾರೆ. ಇದರಲ್ಲಿ ಮಕ್ಕಳು ಕಲಿಯುವುದು ಒಂದೇ ವಿದ್ಯೆ, ದೊಡ್ಡವರ ಮುಂದೆ ಸುಳ್ಳಾಡುವುದು.

ಹಾಗಾದರೆ ಅರವತ್ತು ದಾಟಿದವರು ಕೈಕಟ್ಟಿ ಕೂರಬೇಕೇ? ಟೆಕ್ಸಸ್ಸಿನಲ್ಲಿ ಡೆನಿಸ್ ಪಾರ್ಕ್ ತಂಡ 60ರಿಂದ 90 ವರ್ಷದ 221 ಜನರನ್ನು ಗುಂಪುಗಳಾಗಿ ವಿಂಗಡಿಸಿ ಮೂರು ತಿಂಗಳು ಪರೀಕ್ಷಿಸಿತು. ಕೆಲವರಿಗೆ ಡಿಜಿಟಲ್ ಛಾಯಾಗ್ರಹಣ, ಕೆಲವರಿಗೆ ಬಣ್ಣದ ತುಂಡುಬಟ್ಟೆ ಸೇರಿಸಿ ಕೌದಿ ಹೊಲಿಯುವುದು, ಇನ್ನು ಕೆಲವರಿಗೆ ಎರಡೂ. ವಾರಕ್ಕೆ ಸುಮಾರು 15 ಗಂಟೆ, ದಿನದಿನಕ್ಕೆ ಕಠಿಣವಾಗುವ ಪಾಠ. ಮತ್ತೊಂದು ಗುಂಪು ಅಷ್ಟೇ ಹೊತ್ತು ಹರಟೆ, ಸಿನಿಮಾ, ಪ್ರವಾಸಗಳಲ್ಲಿ ಕಳೆಯಿತು. ಇನ್ನೊಂದು ಮನೆಯಲ್ಲೇ ಸಂಗೀತ ಕೇಳುತ್ತ ಪದದಾಟ ಆಡಿತು. 2014ರಲ್ಲಿ ಬಂದ ಫಲಿತಾಂಶದಲ್ಲಿ ನೆನಪು ಸುಧಾರಿಸಿದ್ದು ಹೊಸದನ್ನು ಕಷ್ಟಪಟ್ಟು ಕಲಿತವರಲ್ಲಿ, ಅದರಲ್ಲೂ ಕ್ಯಾಮೆರಾ ಹಿಡಿದವರಲ್ಲಿ. ಹರಟೆಯಿಂದ ಮನಸ್ಸು ಹಗುರಾಗಿರಬಹುದು, ನೆನಪು ಬೆಳೆಯಲಿಲ್ಲ. ಕಲಿಯದ ಸಂಗತಿಗೂ ಲಾಭ ಹರಿಯಿತಲ್ಲ, ನಿಮ್ಮ ವಾದ ಎಲ್ಲಿ ಹೋಯಿತು ಎಂದು ಕೇಳುವವರುಂಟು. ಆದರೆ ಕ್ಯಾಮೆರಾ ಕಲಿಯುವಾಗ ಹೊಸ ಪದ, ಹೊಸ ಗುಂಡಿ, ಬೆಳಕಿನ ಲೆಕ್ಕ, ಕಂಪ್ಯೂಟರಿನಲ್ಲಿ ತಿದ್ದುವ ಕ್ರಮ ಎಲ್ಲವನ್ನೂ ನೆನಪಿಡಲೇಬೇಕು. ನೆನಪಿನ ಮೇಲೆ ಹೊರೆ ಬಿತ್ತು, ನೆನಪೇ ಬೆಳೆಯಿತು. ಇಪ್ಪತ್ತು ವರ್ಷದಿಂದ ಪದಬಂಧ ಬಿಡಿಸುತ್ತಿರುವವರಿಗೆ ಅದು ಬಸ್ಸಿನ ದಾರಿ. ನನ್ನ ವಾದಕ್ಕೆ ನಿಜಕ್ಕೂ ತೊಡಕಾಗುವ ಸಾಕ್ಷಿ ಬೇರೆಯೇ ಇದೆ. ಕಾಲ್ನಡಿಗೆಯಲ್ಲಿ ಮಿದುಳಿಗೆ ಏನೂ ಹೊಸ ಕೆಲಸವಿಲ್ಲ, ಆದರೂ 2011ರ ಒಂದು ಪ್ರಯೋಗದಲ್ಲಿ 55ರಿಂದ 80 ವರ್ಷದವರು ವಾರಕ್ಕೆ ಮೂರು ದಿನ 40 ನಿಮಿಷದಂತೆ ವರ್ಷವಿಡೀ ನಡೆದಾಗ ಹಿಪ್ಪೊಕ್ಯಾಂಪಸ್ ಸುಮಾರು ಶೇ 2ರಷ್ಟು ಹಿಗ್ಗಿತು. ಮೈ ಚಾಚುವ ವ್ಯಾಯಾಮವಷ್ಟೇ ಮಾಡಿದವರಲ್ಲಿ ಅದು ಕುಗ್ಗಿತು. ರಕ್ತ ಹರಿಯುವ ನಾಳಗಳೂ ನರಕೋಶಗಳನ್ನು ಪೋಷಿಸುವ ಪ್ರೋಟೀನುಗಳೂ ಇಲ್ಲಿ ಕೈಜೋಡಿಸುತ್ತವೆ, ಅದು ಕಲಿಕೆಯಲ್ಲ, ಗೊಬ್ಬರ. ಹಾಗೆಂದೇ ಏನೋ, ನಡೆದ ಗುಂಪೂ ಮೈ ಚಾಚಿದ ಗುಂಪೂ ನೆನಪಿನ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದರು.

ಕ್ಯಾಮೆರಾ, ಬಿಡುವು, ಶಾಲೆ ಇವೆಲ್ಲ ಉಳ್ಳವರ ಭಾಗ್ಯ, ಅಕ್ಷರ ಕಲಿಯದವರ ಗತಿಯೇನು ಎಂಬ ಆಕ್ಷೇಪ ಉಳಿಯುತ್ತದೆ. ಇದಕ್ಕೆ ಉತ್ತರ ನಮ್ಮ ನೆರೆಯಿಂದಲೇ ಬಂದಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ 2013ರಲ್ಲಿ ಹೈದರಾಬಾದಿನ 648 ಮರೆಗುಳಿ ರೋಗಿಗಳ ಮಾಹಿತಿ ಪ್ರಕಟಿಸಿದರು. ಎರಡು ಭಾಷೆ ಆಡುವವರಲ್ಲಿ ರೋಗದ ಲಕ್ಷಣ ತಲೆಯೆತ್ತಿದ್ದು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬಾರದವರಲ್ಲೂ ಈ ಅಂತರ ಇತ್ತು, ಆದ್ದರಿಂದ ಇದು ಶಾಲೆಯ ಮಹಿಮೆ ಎನ್ನುವಂತಿಲ್ಲ. ಪಶ್ಚಿಮದ ಇಂಥ ಅಧ್ಯಯನಗಳಲ್ಲಿ ಎರಡು ಭಾಷೆಯವರೆಂದರೆ ಬಹುಪಾಲು ವಲಸೆ ಬಂದವರು, ಹೀಗಾಗಿ ಫಲ ಭಾಷೆಯದ್ದೋ ವಲಸೆಯದ್ದೋ ತಿಳಿಯದು. ಹೈದರಾಬಾದಿನಲ್ಲಿ ಆ ಗೊಂದಲವಿಲ್ಲ. ಅಲ್ಲಿ ಮನೆಯಲ್ಲಿ ತೆಲುಗು ಆಡಿ ಸಂತೆಯಲ್ಲಿ ದಖನಿಗೆ ಹೊರಳುವುದು ಹುಟ್ಟೂರಿನ ದಿನಚರಿ. ಪ್ರತಿ ಮಾತಿಗೂ ಒಂದು ಭಾಷೆಯನ್ನು ಹಿಡಿದಿಟ್ಟು ಇನ್ನೊಂದನ್ನು ಬಿಡಬೇಕು, ದಿನಕ್ಕೆ ನೂರಾರು ಸಲ, ಎಪ್ಪತ್ತು ವರ್ಷ. ರೋಗ ತಪ್ಪುತ್ತದೆಂದು ಅಲ್ಲಾಡಿ ಹೇಳಿಲ್ಲ, ಲಕ್ಷಣ ತಡವಾಗುತ್ತದೆ ಎಂದಿದ್ದಾರೆ. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಂಡಿಲ್ಲ, ಚರ್ಚೆ ಮುಗಿದಿಲ್ಲ. 2016ರಲ್ಲಿ ಅವರ ತಂಡ 608 ಪಾರ್ಶ್ವವಾಯು ರೋಗಿಗಳನ್ನು ನೋಡಿದಾಗ ಎರಡು ಭಾಷೆಯವರಲ್ಲಿ ಶೇ 40.5ರಷ್ಟು ಮಂದಿಯ ಗ್ರಹಣಶಕ್ತಿ ಮಾಮೂಲಿನಂತೆ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಶೇ 19.6. ಇನ್ನು, ಮನೆಯಲ್ಲೊಂದು, ಆಟೋದಲ್ಲೊಂದು, ಆಫೀಸಿನಲ್ಲೊಂದು ಎಂದು ಐದು ಭಾಷೆಯ ಲೆಕ್ಕ ಕೊಟ್ಟು ಬೀಗುವ ಬೆಂಗಳೂರಿಗರಿಗೆ 2013ರ ಅಧ್ಯಯನದಲ್ಲೇ ಒಂದು ತಣ್ಣೀರು ಉಂಟು: ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಅಲ್ಲಿ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ.