ಕಂಪ್ಯೂಟರ್ ಅಧ್ಯಾಪಕರಿಗೆ ಉದ್ಯಮದ ಅನುಭವ: ಲಾಭವೇನು, ಮಿತಿಯೇನು?

ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳನ್ನು ಕಂಪ್ಯೂಟರ್ ಪದವಿಗೆ ಸೇರಿಸುವಾಗ ನಾವು ಶುಲ್ಕ, ದೂರ, ಹಾಸ್ಟೆಲುಗಳನ್ನು ವಿಚಾರಿಸುತ್ತೇವೆ. ಪಾಠ ಹೇಳುವವರ ಅನುಭವವೇನೆಂದು ಕೇಳುವುದು ಅಪರೂಪ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದ ಪರಿಣತರನ್ನು ಪಿಎಚ್.ಡಿ. ಇಲ್ಲದಿದ್ದರೂ ನೇಮಿಸಬಹುದು. ಆದರೆ ಅವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ. 10ನ್ನು, ಒಟ್ಟು ಸೇವಾವಧಿ 4 ವರ್ಷವನ್ನು ಮೀರುವಂತಿಲ್ಲ.

ಈ ಅನುಭವದಿಂದ ಪಾಠದಲ್ಲಾಗುವ ವ್ಯತ್ಯಾಸಕ್ಕೆ ಒಂದು ಉದಾಹರಣೆ. ಹೆಸರಿನಲ್ಲಿರುವ ಅಕ್ಷರಗಳನ್ನು ಎಣಿಸುವ ಪ್ರೋಗ್ರಾಮನ್ನು ವಿದ್ಯಾರ್ಥಿ ಪೈಥಾನ್ ಭಾಷೆಯಲ್ಲಿ ಬರೆಯುತ್ತಾನೆ. ರಮಾ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರೆ 4 ಎಂಬ ಸರಿಯುತ್ತರ ಬರುತ್ತದೆ. ಅಭ್ಯಾಸ ಅಲ್ಲಿಗೆ ಮುಗಿಯುತ್ತದೆ. ಉದ್ಯಮದಿಂದ ಬಂದ ಅಧ್ಯಾಪಕರು, ಬಳಕೆದಾರರು ಏನನ್ನು ಬೇಕಾದರೂ ಟೈಪ್ ಮಾಡುತ್ತಾರೆಂಬುದನ್ನು ಕಂಡವರು. ಕನ್ನಡದಲ್ಲಿ ‘ಲಕ್ಷ್ಮಿ’ ಎಂದು ಕೊಟ್ಟು ನೋಡಲು ಹೇಳಬಹುದು. ಕಣ್ಣಿಗೆ ಕಾಣುವುದು 2 ಅಕ್ಷರ, ಉತ್ತರ 7! ಯೂನಿಕೋಡ್ ವ್ಯವಸ್ಥೆಯಲ್ಲಿ ಒತ್ತಕ್ಷರಗಳನ್ನು ಕೂಡಿಸುವ ವಿರಾಮ ಚಿಹ್ನೆಗೂ ಗುಣಿತದ ಚಿಹ್ನೆಗೂ ಪ್ರತ್ಯೇಕ ಸಂಕೇತಗಳಿರುವುದೇ ಇದಕ್ಕೆ ಕಾರಣ.

ಇತರರು ಬರೆದ ಕೋಡನ್ನು ಓದುವುದು, ಬದಲಾವಣೆಗಳನ್ನು ‘ಗಿಟ್’ನಲ್ಲಿ ದಾಖಲಿಸುವುದು, ತನ್ನ ಕೆಲಸವನ್ನು ತಾನೇ ಪರೀಕ್ಷಿಸುವುದು ಇವೂ ಹೀಗೆಯೇ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇವಕ್ಕೆ ಅಂಕ ಕಡಿಮೆ. ಉದ್ಯೋಗದಲ್ಲಿ ಇವು ದಿನನಿತ್ಯದ ಕೆಲಸ.

ಆದರೆ ಅನುಭವವೊಂದೇ ಬೋಧನೆಯಲ್ಲ. ಒಂದೇ ಉಪಕರಣದಲ್ಲಿ ಪಳಗಿದವರು ಅದನ್ನಷ್ಟೇ ಕಲಿಸಿದರೆ, ಉಪಕರಣ ಹಳತಾದಾಗ ಕಲಿಕೆಯೂ ಹಳತಾಗುತ್ತದೆ. ದತ್ತಾಂಶ ರಚನೆ, ಗಣಿತ, ಕ್ರಮವಿಧಿಗಳು ಬಹುಕಾಲ ಬಾಳುವ ವಿದ್ಯೆ. ಅವನ್ನು ಕಲಿಸುವ ಸಾಂಪ್ರದಾಯಿಕ ಅಧ್ಯಾಪಕರು ಅನಿವಾರ್ಯ. ಇದಲ್ಲದೆ, ಪರಿಣತರಿಗೆ ಸಹಜವೆನಿಸಿದ ಮೆಟ್ಟಿಲು ಹೊಸಬರಿಗೆ ಕಾಣಿಸದೆ ಹೋಗಬಹುದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕಚೇರಿಯ ಇಂಗ್ಲಿಷ್ ಪರಿಭಾಷೆಯ ಹೊರೆ ಬೇರೆ. ತರ್ಕ ಗೊತ್ತಿದ್ದೂ ಶಬ್ದ ತಿಳಿಯದೆ ಮೌನವಾಗುವ ಮಗುವನ್ನು ಗುರುತಿಸಲು ಬೋಧನೆಯ ಅನುಭವವೇ ಬೇಕು.

ಆದ್ದರಿಂದ ಕಾಲೇಜಿಗೆ ಹೋದಾಗ ನಾವು ಮೂರು ಪ್ರಶ್ನೆಗಳನ್ನು ಕೇಳೋಣ: ಅಧ್ಯಾಪಕರಲ್ಲಿ ಉದ್ಯಮದ ಅನುಭವವುಳ್ಳವರು ಇದ್ದಾರೆಯೇ? ಅವರು ನಿಯತವಾಗಿ ಪಾಠ ಮಾಡುವರೇ, ವರ್ಷಕ್ಕೊಂದು ಉಪನ್ಯಾಸಕ್ಕಷ್ಟೇ ಬರುವರೇ? ಮೊದಲ ವರ್ಷದಲ್ಲಿ ಭಾಷೆಯ ತೊಡಕಿರುವವರಿಗೆ ಪ್ರತ್ಯೇಕ ನೆರವುಂಟೇ? ಹೀಗೆ ಕೇಳಲು ನಮಗೆ ಕಂಪ್ಯೂಟರ್ ಬರಬೇಕೆಂದೇನೂ ಇಲ್ಲ.